ಹನ್ನೊಂದು ಲಕ್ಷದ ಕೈಗಡಿಯಾರ: ಅಡಿಕೆಯ ಹಣವನ್ನು ಇದರಲ್ಲಿ ತೊಡಗಿಸಬಹುದೇ?

ತೋಟದಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನಮಗೆ ಎರಡೂವರೆ ಎಕರೆ ಅಡಿಕೆ ತೋಟವಿದೆ. ಮಗ ಒಬ್ಬನೇ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕೆಲವು ವರ್ಷಗಳಿಂದ ಚಾಲಿ (ಸಿಪ್ಪೆಯೊಡನೆ ಒಣಗಿಸಿ ಸುಲಿದ ಅಡಿಕೆ) ಮಾರಿ ಉಳಿಸಿದ ಹಣವನ್ನು ಅವನ ಮದುವೆಗೆ ಮುನ್ನ ಬಂಗಾರದಲ್ಲಿ ಹಾಕೋಣ ಎಂದು ನಾನೂ ಮನೆಯವಳೂ ಮಾತಾಡಿಕೊಂಡಿದ್ದೆವು. ಮಗ ಬೇರೆಯೇ ಪ್ರಸ್ತಾಪ ತಂದಿದ್ದಾನೆ. ಬೆಂಗಳೂರಿನ ವ್ಯಾಪಾರಿಯೊಬ್ಬರ ಬಳಿ ಒಬ್ಬರು ಬಳಸಿ ಬಿಟ್ಟ ರೋಲೆಕ್ಸ್ ಸಬ್‌ಮರೀನರ್ ಎಂಬ ಸ್ವಿಸ್ ಕೈಗಡಿಯಾರ ಇದೆಯಂತೆ, ಬೆಲೆ ಹನ್ನೊಂದು ಲಕ್ಷವಂತೆ. ಅರ್ಧ ಹಣವನ್ನು ತಾನು ಹಾಕುತ್ತೇನೆ, ಉಳಿದರ್ಧವನ್ನು ನೀವು ಕೊಡಿ ಎನ್ನುತ್ತಾನೆ.

ಅವನ ವಾದವನ್ನು ನಾನು ತಳ್ಳಿಹಾಕುತ್ತಿಲ್ಲ. ಅಂಗಡಿಯಲ್ಲಿ ಹೊಸದನ್ನು ಕೇಳಿದರೆ ಹೆಸರು ಬರೆಸಿ ಕಾಯಬೇಕು, ಆದ್ದರಿಂದಲೇ ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ, ಬಂಗಾರವನ್ನು ಲಾಕರಿನಲ್ಲಿ ಮುಚ್ಚಿಡಬೇಕು, ಇದನ್ನಾದರೆ ದಿನವೂ ಕಟ್ಟಿಕೊಂಡು ತಿರುಗುತ್ತಲೇ ಬೆಲೆ ಏರುವುದನ್ನು ನೋಡಬಹುದು ಎಂದು ಅವನು ಹೇಳುತ್ತಾನೆ. ಅವನ ಆಫೀಸಿನಲ್ಲಿ ಮೇಲಿನ ಹುದ್ದೆಯಲ್ಲಿರುವವರು ಮೀಟಿಂಗಿನಲ್ಲಿ ಮೊದಲು ನೋಡುವುದು ಎದುರಿನವರ ಮಣಿಕಟ್ಟನ್ನಂತೆ. ಅದು ನಿಜವೇ ಇರಬಹುದು. ನಮ್ಮಲ್ಲಿಯೂ ಮದುವೆ ಮನೆಯಲ್ಲಿ ಹೆಂಗಸರ ಕೊರಳಿನ ಸರದ ಎಳೆಗಳನ್ನು ಎಣಿಸುವವರಿಗೆ ಕೊರತೆಯಿಲ್ಲ.

ನನ್ನ ಆತಂಕ ಮೂರು ಬಗೆಯದು. ಮೊದಲನೆಯದಾಗಿ, ಬೆಲೆ ಏರುತ್ತದೆ ಎನ್ನುವುದು ಎಷ್ಟರಮಟ್ಟಿಗೆ ನಂಬತಕ್ಕ ಮಾತು? ಎರಡನೆಯದಾಗಿ, ಅವನು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಾನೆ. ನಮ್ಮ ಮನೆ ತೋಟದ ನಡುವೆ ಒಂಟಿಯಾಗಿದೆ, ಹತ್ತಿರದ ಮನೆಗೆ ಕೂಗಿದರೆ ಕೇಳಿಸುವುದಿಲ್ಲ. ಮೂರನೆಯದಾಗಿ, ಬಳಸಿದ ವಸ್ತುವನ್ನು ಇಷ್ಟು ಹಣ ಕೊಟ್ಟು ಕೊಳ್ಳುವಾಗ ಅದು ಅಸಲಿಯೆಂದೂ ಕದ್ದ ಮಾಲಲ್ಲವೆಂದೂ ತಿಳಿಯುವುದು ಹೇಗೆ?

ಇನ್ನೊಂದು ಸಣ್ಣ ವಿಷಯ. ಅಪ್ಪಯ್ಯನ ಕಾಲದ ಒಂದು ಫಾವ್ರ್-ಲೂಬಾ ವಾಚು ಮನೆಯಲ್ಲಿದೆ. ಗೋವೆಯಲ್ಲಿ ಪೋರ್ಚುಗೀಸರಿದ್ದಾಗ ಆ ಕಡೆಯಿಂದ ಬಂದದ್ದೆಂದು ಅವರು ಹೇಳುತ್ತಿದ್ದರು. ಅದರ ಡಯಲ್ ಕಂದು ಬಣ್ಣಕ್ಕೆ ತಿರುಗಿದೆ, ಚಾವಿ ಕೊಟ್ಟರೂ ನಡೆಯುವುದಿಲ್ಲ. ಡಯಲನ್ನು ಹೊಸದಾಗಿ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆಂದು ಮಗ ಹೇಳುತ್ತಾನೆ. ತಿಳಿದವರು ದಯವಿಟ್ಟು ಬರೆಯಬೇಕು.

ಸದಾಶಿವಗಡದ ನಾವಿಕ:

ನಾನು ಕಾರವಾರದ ಕಾಳಿ ಸೇತುವೆಯಾಚೆಯವನು, ಇಪ್ಪತ್ತೆರಡು ವರ್ಷಗಳಿಂದ ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದೇನೆ. ನಿಮ್ಮ ಮಗ ಕೊಳ್ಳಬೇಕೆಂದಿರುವ ವಾಚನ್ನೇ ನಾನು 2022ರ ಫೆಬ್ರವರಿಯಲ್ಲಿ ಸಿಂಗಾಪುರದ ಅಂಗಡಿಯೊಂದರಲ್ಲಿ ಕೊಂಡೆ. ನಮ್ಮ ರೂಪಾಯಿಯ ಲೆಕ್ಕದಲ್ಲಿ ಹನ್ನೆರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. 2023ರ ನವೆಂಬರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹಣ ಬೇಕಾಗಿ ಅದೇ ಊರಿನಲ್ಲಿ ಮಾರಲು ಹೋದೆ. ಮೂರು ಅಂಗಡಿ ತಿರುಗಿದ ಮೇಲೆ ಸಿಕ್ಕಿದ್ದು ಎಂಟು ಲಕ್ಷ ಚಿಲ್ಲರೆ. ವಾಚಿನ ಮೇಲೆ ಒಂದು ಗೀರೂ ಇರಲಿಲ್ಲ, ಡಬ್ಬಿ ಮತ್ತು ಕಾರ್ಡು ಎರಡೂ ಜೊತೆಗಿದ್ದವು.

ನನ್ನ ದುರದೃಷ್ಟವೆಂದು ಇದನ್ನು ಬಿಟ್ಟುಬಿಡಬೇಡಿ, ಏಕೆಂದರೆ ಆಗ ಜಗತ್ತಿನಾದ್ಯಂತ ನಡೆದದ್ದೇ ಇದು. ಕೋವಿಡ್ ಶುರುವಾದಾಗ, 2020ರ ಮಾರ್ಚಿನಲ್ಲಿ, ರೋಲೆಕ್ಸ್ ತನ್ನ ಕಾರ್ಖಾನೆಗಳನ್ನು ಕೆಲಕಾಲ ಮುಚ್ಚಿತು. ಮನೆಯಲ್ಲಿ ಕುಳಿತವರ ಕೈಯಲ್ಲಿ ಖರ್ಚಾಗದ ಹಣವಿತ್ತು, ಸಾಲದ ಬಡ್ಡಿ ತೀರ ಕಡಿಮೆಯಿತ್ತು, ಬಿಟ್‌ಕಾಯಿನ್‌ನಂಥವುಗಳಲ್ಲಿ ದಿಢೀರನೆ ಹಣ ಮಾಡಿದವರು ಹೊಸದಾಗಿ ಈ ಪೇಟೆಗೆ ಇಳಿದಿದ್ದರು. ಪಟೇಕ್ ಫಿಲಿಪ್ ಕಂಪನಿಯು 2021ರಲ್ಲಿ ನಿಲ್ಲಿಸಿದ ನಾಟಿಲಸ್ 5711 ಎಂಬ ಉಕ್ಕಿನ ವಾಚು ಅಂಗಡಿ ಬೆಲೆಯ ನಾಲ್ಕು ಪಟ್ಟಿಗೂ ಮಿಕ್ಕಿ ಮಾರಾಟವಾಗುತ್ತಿತ್ತು. 2022ರ ಮಾರ್ಚ್ ಸುಮಾರಿಗೆ ಬೆಲೆಗಳು ತುದಿ ಮುಟ್ಟಿದವು. ಬಡ್ಡಿ ಏರಿ, ಬಿಟ್‌ಕಾಯಿನ್ ಕುಸಿದ ಮೇಲೆ ತಿಂಗಳು ತಿಂಗಳಿಗೂ ಇಳಿದವು. ನಾನು ಕೊಂಡದ್ದು ಸರಿಯಾಗಿ ಆ ತುದಿಯಲ್ಲಿ. ಅಡಿಕೆ ದರದ ಏರಿಳಿತವನ್ನು ಆಡುವ ವಯಸ್ಸಿನಿಂದಲೂ ಕಂಡ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮಗನಂಥ ಹುಡುಗರಿಗೆ ಆಸೆ ಹುಟ್ಟಿಸುವುದು ಹರಾಜಿನ ಸುದ್ದಿಗಳು. ನಟ ಪಾಲ್ ನ್ಯೂಮನ್ ಸ್ವತಃ ಕಟ್ಟಿಕೊಳ್ಳುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. 2019ರ ನವೆಂಬರಿನಲ್ಲಿ ಜಿನೀವಾದಲ್ಲಿ ದತ್ತಿ ಹರಾಜಿಗಾಗಿಯೇ ತಯಾರಿಸಿದ ಒಂದೇ ಒಂದು ಪಟೇಕ್ ಫಿಲಿಪ್ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಮಾರಾಟವಾಯಿತು. ಆದರೆ ಮೊದಲನೆಯದಕ್ಕೆ ಬೆಲೆ ಬಂದದ್ದು ಅದನ್ನು ಕಟ್ಟಿದ ಕೈಯಿಂದ. ಅದರ ಹಿಂಬದಿಯಲ್ಲಿ ಅವನ ಹೆಂಡತಿ ಕೆತ್ತಿಸಿದ, ಜೋಪಾನವಾಗಿ ಗಾಡಿ ಓಡಿಸು ಎನ್ನುವ ಮಾತಿತ್ತು. ಎರಡನೆಯದು ಜಗತ್ತಿನಲ್ಲೇ ಒಂದು. ವರ್ಷವರ್ಷವೂ ರಾಶಿ ರಾಶಿಯಾಗಿ ತಯಾರಾಗುವ ಸಬ್‌ಮರೀನರಿಗೂ ಆ ಬೆಲೆಗಳಿಗೂ ಸಂಬಂಧವಿಲ್ಲ.

ಈ ವಾಚು ಹುಟ್ಟಿದ್ದು ಪ್ರತಿಷ್ಠೆಗಾಗಿ ಅಲ್ಲವೆಂಬುದನ್ನೂ ಹೇಳಬೇಕು. 1953ರಲ್ಲಿ ಅದು ಬಂದಾಗ ಮುಳುಗುಗಾರರ ಸಾಧನವಾಗಿತ್ತು. ಸುತ್ತಲಿನ ಬಳೆಯನ್ನು ತಿರುಗಿಸಿಟ್ಟರೆ ನೀರಿನೊಳಗೆ ಎಷ್ಟು ನಿಮಿಷ ಕಳೆಯಿತೆಂದು ತಿಳಿಯುತ್ತಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚನ್ನು ಮಾರಾಟಕ್ಕಿಟ್ಟಿತು. ಕೆಲವೇ ವರ್ಷಗಳಲ್ಲಿ ನೂರಿನ್ನೂರು ರೂಪಾಯಿಯ ವಾಚು ಲಕ್ಷದ ವಾಚಿಗಿಂತ ಸರಿಯಾದ ಸಮಯ ತೋರಿಸುವಂತಾಯಿತು. ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು. ಉಳಿದವರು ಸಮಯವನ್ನು ಮಾರುವುದನ್ನು ಬಿಟ್ಟು ಅಂತಸ್ತನ್ನು ಮಾರತೊಡಗಿದರು. ಒಡೆಮಾರ್ ಪಿಗೆ ಕಂಪನಿ 1972ರಲ್ಲೇ ಎಷ್ಟೋ ಬಂಗಾರದ ವಾಚುಗಳಿಗಿಂತ ಹೆಚ್ಚಿನ ಬೆಲೆಯಿಟ್ಟು ಉಕ್ಕಿನ ರಾಯಲ್ ಓಕ್ ಮಾರಿ ಈ ದಾರಿ ತೋರಿಸಿತ್ತು. ಅಂದರೆ ನೀವು ಕೊಡುವ ಹನ್ನೊಂದು ಲಕ್ಷದಲ್ಲಿ ಬಹುಪಾಲು, ಬೇರೆಯವರು ಅದನ್ನು ಗುರುತಿಸುತ್ತಾರೆ ಎಂಬುದಕ್ಕೆ ಕೊಡುವ ಬೆಲೆ. ಎಲ್ಲರೂ ಗುರುತಿಸುವ ಕಾಲ ಇರುವವರೆಗೆ ಬೆಲೆಯೂ ಇರುತ್ತದೆ, ಅಭಿರುಚಿ ಬದಲಾದ ದಿನ ಉಕ್ಕನ್ನು ತೂಕಕ್ಕೆ ಹಾಕಿದರೆ ಏನೂ ಹುಟ್ಟುವುದಿಲ್ಲ.

ಬಂಗಾರದೊಡನೆ ಹೋಲಿಸುವಾಗ ನಾನು ಮಗನಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ರಾತ್ರಿ ಎಂಟು ಗಂಟೆಗೆ ಮನೆಯಲ್ಲಿ ಯಾರನ್ನಾದರೂ ಮಂಗಳೂರಿಗೋ ಮಣಿಪಾಲಕ್ಕೋ ಸಾಗಿಸಬೇಕಾಗಿ ಬಂದರೆ, ಮಾರನೆಯ ದಿನ ಬೆಳಿಗ್ಗೆ ಶಿರಸಿಯಲ್ಲಿ ಎರಡು ಬಳೆ ಅಡವಿಟ್ಟು ಹಣ ತರಬಹುದು. ವಾಚನ್ನು ಹಿಡಿದುಕೊಂಡು ಕಾರವಾರದಿಂದ ಭಟ್ಕಳದವರೆಗೆ ಅಲೆದರೂ ಅದಕ್ಕೆ ಅರ್ಧ ಬೆಲೆ ಕೊಡುವ ಅಂಗಡಿ ಒಂದೂ ಸಿಗುವುದಿಲ್ಲ.

ಭೂತಗನ್ನಡಿ, ಶಿರಸಿ:

ನಾನು ಮೂವತ್ತೊಂದು ವರ್ಷಗಳಿಂದ ವಾಚು ರಿಪೇರಿ ಮಾಡುತ್ತಿದ್ದೇನೆ. ನಾವಿಕರು ಪೇಟೆಯ ವಿಚಾರವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ವಸ್ತುವಿನ ಬಗ್ಗೆ ಬರೆಯುತ್ತೇನೆ.

ಅಸಲಿ ಯಾವುದು, ನಕಲಿ ಯಾವುದು ಎಂದು ಕಣ್ಣಿಂದ ನೋಡಿ ಹೇಳುವ ಕಾಲ ಮುಗಿಯಿತು. ಹಿಂದೆ ಕೆಲವು ಗುರುತುಗಳಿದ್ದವು. ತಾರೀಖು ತೋರಿಸುವ ರೋಲೆಕ್ಸಿನ ಗಾಜಿನ ಮೇಲಿನ ಸಣ್ಣ ಉಬ್ಬು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ, ನಕಲಿಯಲ್ಲಿ ಅಷ್ಟು ಇರುತ್ತಿರಲಿಲ್ಲ. ಸಬ್‌ಮರೀನರಿನ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ, ಒಂದು ಸುತ್ತಿಗೆ ನೂರಿಪ್ಪತ್ತು ಸಲ ಟಿಕ್ ಎನ್ನುತ್ತದೆ. ಸೆಕೆಂಡಿನ ಮುಳ್ಳು ಸೆಕೆಂಡಿಗೆ ಎಂಟು ಹೆಜ್ಜೆ ಹಾಕುವುದರಿಂದ ಜಾರಿದಂತೆ ಕಾಣುತ್ತದೆ. ಈಗಿನ ನಕಲಿಗಳಲ್ಲಿ ಇವೆಲ್ಲವೂ ಇವೆ. ಕಳೆದ ವರ್ಷ ಜಾತ್ರೆಗೆಂದು ಊರಿಗೆ ಬಂದಿದ್ದ ಒಬ್ಬರು ವಾಚಿನ ಚೈನು ಚಿಕ್ಕದು ಮಾಡಿಸಲು ನನ್ನಲ್ಲಿಗೆ ಬಂದರು. ಡಯಲ್, ಮುಳ್ಳು, ಗಾಜಿನ ಕೆಳತುದಿಯಲ್ಲಿ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ಕಿರೀಟ, ಎಲ್ಲವೂ ಸರಿಯಾಗಿಯೇ ಇದ್ದವು. ಚೈನಿನ ಕೊಂಡಿಯ ತಿರುಪು ಬಿಚ್ಚುವಾಗ ನನಗೆ ಅನುಮಾನ ಬಂತು. ಆ ತಿರುಪಿನ ತಲೆಯ ಗೀಟು ನಡುವಿನಿಂದ ಕೂದಲೆಳೆಯಷ್ಟು ಸರಿದಿತ್ತು, ಅಂಚಿನಲ್ಲಿ ಉಕ್ಕಿನ ಸಿಬಿರು ಉಳಿದಿತ್ತು, ಬೆರಳಿಗೆ ಚುಚ್ಚಿತು. ಅಷ್ಟು ದುಬಾರಿ ವಸ್ತುವಿನಲ್ಲಿ ಅಂಥ ಕೆಲಸ ಇರುವುದಿಲ್ಲ. ಆಮೇಲೆ ಅವರು ಬೆಂಗಳೂರಿನಲ್ಲಿ ಕಂಪನಿಯವರಿಂದ ತೆರೆಸಿ ನೋಡಿದಾಗ ಒಳಗಿನ ಯಂತ್ರ ಬೇರೆಯದೆಂದು ಖಚಿತವಾಯಿತು. ಅವರು ಕೊಟ್ಟದ್ದು ಆರು ಲಕ್ಷ. ಮಾರಿದವನ ಅಂಗಡಿ ಅಷ್ಟರೊಳಗೆ ಮುಚ್ಚಿತ್ತು.

ಪೂರ್ತಿ ನಕಲಿಗಿಂತ ಹೆಚ್ಚು ಅಪಾಯದ್ದು ಮಿಶ್ರ ವಾಚು. ಕವಚ ಅಸಲಿ, ಡಯಲ್ ಬೇರೆ ವಾಚಿನದು, ಯಂತ್ರದಲ್ಲಿ ಎರಡು ಮೂರು ಚಕ್ರ ಹೊರಗಿನವು. ಬಿಚ್ಚದೆ ತಿಳಿಯುವುದಿಲ್ಲ. ಆದ್ದರಿಂದ ಹಣ ಕೊಡುವ ಮುನ್ನ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ತೆರೆಸಿ ನೋಡುವ ಷರತ್ತು ಹಾಕಬೇಕು. ಒಪ್ಪದ ವ್ಯಾಪಾರಿಯ ಬಳಿ ಕೊಳ್ಳಲೇಬಾರದು. ಈಗ ಒಂದು ಹೊಸ ಅನುಕೂಲವೂ ಇದೆ: 2022ರ ಡಿಸೆಂಬರಿನಲ್ಲಿ ರೋಲೆಕ್ಸ್ ತಾನೇ ಪರೀಕ್ಷಿಸಿದ ಹಳೆಯ ವಾಚುಗಳನ್ನು ಪ್ರಮಾಣಪತ್ರ ಮತ್ತು ಎರಡು ವರ್ಷದ ಗ್ಯಾರಂಟಿಯೊಡನೆ ಅಧಿಕೃತ ಅಂಗಡಿಗಳ ಮೂಲಕ ಮಾರುವ ಕ್ರಮವನ್ನು ಕೆಲವು ದೇಶಗಳಲ್ಲಿ ಶುರುಮಾಡಿತು. ಬೆಲೆ ಹೆಚ್ಚು, ಆದರೆ ನಿದ್ದೆಗೆಡುವುದು ತಪ್ಪುತ್ತದೆ.

ನಿರ್ವಹಣೆಯ ಖರ್ಚನ್ನು ಹೂಡಿಕೆಯ ಲೆಕ್ಕ ಹೇಳುವವರು ಬಿಟ್ಟೇ ಬಿಡುತ್ತಾರೆ. ಕಂಪನಿಯೇ ಸುಮಾರು ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕೆಂದು ಹೇಳುತ್ತದೆ. ನಮ್ಮ ಕಡೆ ಅಷ್ಟು ಕಾಯಬಾರದು. ಘಟ್ಟದ ಮೇಲೆ ನಾಲ್ಕು ತಿಂಗಳು ಕಪಾಟಿನಲ್ಲಿಟ್ಟ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಘಟ್ಟದ ಕೆಳಗೆ ಉಪ್ಪುಗಾಳಿ ಮತ್ತು ಬೆವರು ಸೇರಿ ಚಾವಿಯ ಬುಡದ ರಬ್ಬರ್ ಉಂಗುರವನ್ನು ಬಿರಿಸುತ್ತವೆ. ಮುನ್ನೂರು ಮೀಟರ್ ಆಳಕ್ಕೆ ತಡೆಯುತ್ತದೆಂದು ಬರೆದಿರುವುದು ಆ ಉಂಗುರ ಸರಿಯಾಗಿದ್ದರೆ ಮಾತ್ರ. ಈ ಕಂಪನಿ ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಕೊಡುವುದಿಲ್ಲ, ಹೀಗಾಗಿ ನನ್ನಂಥವನು ಬಯಸಿದರೂ ಅದನ್ನು ಮುಟ್ಟುವಂತಿಲ್ಲ. ಪ್ರತಿ ಸಲವೂ ಕೊರಿಯರಿನಲ್ಲಿ ಕಳಿಸಬೇಕು ಅಥವಾ ಕೈಯಾರೆ ಒಯ್ಯಬೇಕು.

ಇನ್ನು ನಿಮ್ಮ ಅಪ್ಪಯ್ಯನವರ ವಾಚಿನ ವಿಷಯ. ದಯವಿಟ್ಟು ಡಯಲ್ ಹೊಸದು ಮಾಡಿಸಬೇಡಿ, ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಮುಂಬೈಯ ಸಂದಿಗಳಲ್ಲಿ ಹಳೆಯ ಫಾವ್ರ್-ಲೂಬಾ, ವೆಸ್ಟ್ ಎಂಡ್, ಎಚ್‌ಎಂಟಿ ವಾಚುಗಳ ಡಯಲ್ ಉಜ್ಜಿ ಕೆಂಪು, ಹಸಿರು, ನೀಲಿ ಬಣ್ಣ ಬಳಿದು ಸಾವಿರಗಟ್ಟಲೆ ಮಾರಿದ್ದಾರೆ. ಹೊರದೇಶದ ಸಂಗ್ರಾಹಕರು ಇವನ್ನು ಮುಂಬೈ ಸ್ಪೆಷಲ್ ಎಂದೇ ಕರೆದು ದೂರವಿಡುತ್ತಾರೆ. ಕಂದು ಕಲೆಯಿದ್ದರೂ ಮೊದಲಿನ ಡಯಲ್ ಇರುವ ವಾಚನ್ನೇ ಅವರು ಹುಡುಕುವುದು. ಅದು ದೊಡ್ಡ ಹಣದ ವಸ್ತುವಲ್ಲ, ಆದರೆ ನಡೆಯುವಂತೆ ಮಾಡಬಹುದು. ಅಂಕಿಗಳ ಮೇಲೆ ಹಳದಿ ಪುಡಿ ಇದ್ದರೆ ಅದನ್ನು ಕೆರೆಯಬೇಡಿ, ಆ ಕಾಲದ ವಾಚುಗಳಲ್ಲಿ ಕತ್ತಲೆಯಲ್ಲಿ ಹೊಳೆಯಲು ನಿಜವಾದ ರೇಡಿಯಂ ಹಾಕುತ್ತಿದ್ದರು, ಆ ಪುಡಿ ಉಸಿರಿನೊಡನೆ ಒಳಗೆ ಹೋಗಬಾರದು.

ಲೆಕ್ಕಪತ್ರ, ಕುಮಟಾ:

ತೆರಿಗೆ ಮತ್ತು ವಿಮೆಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಕೆಲವು ಮಾತು.

2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕೈಗಡಿಯಾರವನ್ನು ಮಾರುವ ವ್ಯಾಪಾರಿಯು ಕೊಳ್ಳುವವರಿಂದ ಶೇಕಡಾ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ ಬಂತು. ಹನ್ನೊಂದು ಲಕ್ಷಕ್ಕೆ ಅದು ಹನ್ನೊಂದು ಸಾವಿರವಾಗುತ್ತದೆ. ಇದು ಹೆಚ್ಚುವರಿ ಹೊರೆಯಲ್ಲ, ನಿಮ್ಮ ಮಗ ರಿಟರ್ನ್ ಸಲ್ಲಿಸುವಾಗ ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ವ್ಯಾಪಾರಿ ಪ್ಯಾನ್ ಕೇಳದೆ, ಬಿಲ್ಲನ್ನು ಒಂಬತ್ತೂಮುಕ್ಕಾಲಕ್ಕೆ ಮಾಡಿ ಉಳಿದದ್ದನ್ನು ನಗದಾಗಿ ಕೊಡಿ ಎಂದರೆ ಅಲ್ಲಿಂದ ಎದ್ದು ಬರಬೇಕು. ಇದಲ್ಲದೆ, ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಅಡಿಕೆಯ ಹಣಕ್ಕೆ ಆದಾಯ ತೆರಿಗೆ ಇಲ್ಲದಿದ್ದರೂ, ಅದು ಅಡಿಕೆಯದೇ ಎಂದು ತೋರಿಸುವ ಸೊಸೈಟಿಯ ಪಟ್ಟಿಗಳನ್ನು ತೆಗೆದಿಡಿ.

ಮಾರುವಾಗಿನ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಸ್ವಂತ ಬಳಕೆಯ ಚರಾಸ್ತಿಯನ್ನು ಮಾರಿ ಬಂದ ಲಾಭವನ್ನು ಬಂಡವಾಳ ಲಾಭವೆಂದು ಗಣಿಸುವುದಿಲ್ಲ, ಆದರೆ ಆಭರಣಕ್ಕೆ ಈ ವಿನಾಯಿತಿ ಇಲ್ಲ. ಉಕ್ಕಿನ ವಾಚನ್ನು ದಿನವೂ ಕಟ್ಟಿದ್ದರೆ ಒಂದು ನ್ಯಾಯ, ವಜ್ರ ಕೂರಿಸಿದ ಬಂಗಾರದ ವಾಚಾದರೆ ಇನ್ನೊಂದು. ಹೂಡಿಕೆಗೆಂದೇ ಕೊಂಡೆ ಎಂದು ಎಲ್ಲೆಡೆ ಹೇಳಿಕೊಂಡು ಬಂದವನು ಸ್ವಂತ ಬಳಕೆಯದೆಂದು ವಾದಿಸುವುದು ಸುಲಭವಲ್ಲ.

ಭಾರತದಲ್ಲಿ ಸ್ವಿಸ್ ವಾಚಿನ ಬೆಲೆಯನ್ನು ಲೆಕ್ಕ ಹಾಕುವವರು ಇನ್ನೊಂದನ್ನೂ ಗಮನಿಸಬೇಕು. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಒಕ್ಕೂಟದೊಡನೆ ನಮ್ಮ ಸರ್ಕಾರ 2024ರ ಮಾರ್ಚ್ 10ರಂದು ಮಾಡಿಕೊಂಡ ವ್ಯಾಪಾರ ಒಪ್ಪಂದವು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಅದರಂತೆ ಸ್ವಿಸ್ ವಾಚುಗಳ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹೊಸ ವಾಚಿನ ಸುಂಕ ಇಳಿಯುತ್ತಿರುವಾಗ ಹಳೆಯ ವಾಚಿನ ಬೆಲೆ ಮಾತ್ರ ಏರುತ್ತಲೇ ಇರುತ್ತದೆಂದು ನಂಬುವುದಕ್ಕೆ ನನಗೆ ಆಧಾರ ಕಾಣುವುದಿಲ್ಲ.

ಲಾಕರಿನಲ್ಲಿಟ್ಟರೆ ಸಾಕೆಂದು ತಿಳಿಯಬೇಡಿ. ರಿಸರ್ವ್ ಬ್ಯಾಂಕಿನ 2022ರ ಜನವರಿಯಿಂದ ಜಾರಿಯಾದ ನಿಯಮದಂತೆ, ಕಳ್ಳತನ, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಎರಡು ಸಾವಿರ ಬಾಡಿಗೆಯ ಲಾಕರಾದರೆ ಎರಡು ಲಕ್ಷ. ಮನೆಯ ವಿಮೆಯಲ್ಲಿ ಬೆಲೆಬಾಳುವ ವಸ್ತುಗಳ ಪಟ್ಟಿಯಲ್ಲಿ ವಾಚನ್ನು ಹೆಸರು, ಸಂಖ್ಯೆ, ಬೆಲೆ ಸಹಿತ ಬರೆಸಬೇಕು, ಮತ್ತು ಮನೆಯ ಹೊರಗೆ ಕಟ್ಟಿಕೊಂಡಿದ್ದಾಗ ಹೋದರೂ ಪರಿಹಾರ ಉಂಟೇ ಎಂದು ಬರವಣಿಗೆಯಲ್ಲಿ ಕೇಳಬೇಕು. ನನ್ನ ಕಕ್ಷಿದಾರರೊಬ್ಬರು ಕೇಳಿರಲಿಲ್ಲ. ಮೈಮೇಲೆ ಧರಿಸಿದ ವಸ್ತು ಮನೆಯ ಹೊರಗೆ ಕಳೆದರೆ ತಾವು ಹೊಣೆಯಲ್ಲವೆಂದು ವಿಮಾ ಕಂಪನಿ ಹಿಂಬರಹ ಕೊಟ್ಟಿತು.

ಶರಾಬಿ ಹೊಳೆ, ಭಟ್ಕಳ:

ಶಿರಸಿಯ ಅಣ್ಣನವರೇ, ನನ್ನ ಯಜಮಾನರು ಹತ್ತೊಂಬತ್ತು ವರ್ಷಗಳಿಂದ ದುಬೈಯಲ್ಲಿದ್ದಾರೆ. ನಮ್ಮ ಊರಿನಲ್ಲಿ ಗಲ್ಫಿನಿಂದ ಬಂದವರ ಕೈಯಲ್ಲಿನ ವಾಚು ಹೊಸ ವಿಷಯವಲ್ಲ. ಕಳ್ಳತನದ ಬಗ್ಗೆ ನೀವು ಕೇಳಿದ್ದಕ್ಕೆ ನಮ್ಮ ಮನೆಯಲ್ಲೇ ನಡೆದದ್ದನ್ನು ಬರೆಯುತ್ತೇನೆ.

ನನ್ನ ಮೈದುನ ರಾತ್ರಿ ರೈಲಿನಲ್ಲಿ ಮುಂಬೈಯಿಂದ ಬರುತ್ತಿದ್ದ. ಕೈಯಲ್ಲಿದ್ದರೆ ಕಣ್ಣಿಗೆ ಬೀಳುತ್ತದೆಂದು ವಾಚು ಬಿಚ್ಚಿ ಬ್ಯಾಗಿನ ಹೊರಜೇಬಿನಲ್ಲಿ ಹಾಕಿ ಮಲಗಿದ. ಬೆಳಗಾಗುವಷ್ಟರಲ್ಲಿ ಜೇಬಿನ ಜಿಪ್ ತೆರೆದಿತ್ತು. ಪೊಲೀಸರು ದೂರು ಬರೆದುಕೊಳ್ಳುವಾಗ ಕೇಳಿದ ಮೊದಲ ಪ್ರಶ್ನೆಯೇ ವಾಚಿನ ಕ್ರಮಸಂಖ್ಯೆ ಎಷ್ಟು ಎಂದು. ಯಾರಿಗೂ ಗೊತ್ತಿರಲಿಲ್ಲ, ಬಿಲ್ಲು ದುಬೈಯ ಹಳೆಯ ಕೋಣೆಯಲ್ಲೇ ಉಳಿದಿತ್ತು. ಸಂಖ್ಯೆಯಿಲ್ಲದ ವಾಚನ್ನು ಯಾರ ಕೈಯಲ್ಲಿ ಕಂಡರೂ ನಮ್ಮದೆಂದು ಹೇಳುವುದು ಹೇಗೆ?

ಕಳುವಾದ ಪ್ರಸಿದ್ಧ ವಾಚುಗಳು ಮರಳಿ ಸಿಕ್ಕ ಉದಾಹರಣೆಗಳೂ ಇವೆ. ಫುಟ್‌ಬಾಲ್ ಆಟಗಾರ ಮರಡೋನಾ ಅವರಿಗೆ ಸೇರಿದ್ದ, ದುಬೈಯಲ್ಲಿ ಕಳುವಾದ ಊಬ್ಲೋ ವಾಚನ್ನು 2021ರ ಡಿಸೆಂಬರಿನಲ್ಲಿ ಅಸ್ಸಾಮಿನ ಶಿವಸಾಗರದಲ್ಲಿ ಪೊಲೀಸರು ಹಿಡಿದರು. ಜೆರುಸಲೇಮಿನ ವಸ್ತುಸಂಗ್ರಹಾಲಯದಿಂದ 1983ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಗಡಿಯಾರಗಳು ಕಳುವಾದಾಗ, ಫ್ರಾನ್ಸಿನ ರಾಣಿ ಮೇರಿ ಆಂಟ್ವಾನೆಟ್ಟಳಿಗಾಗಿ ಬ್ರೆಗೆ ಎಂಬ ಗಡಿಯಾರ ತಯಾರಕ ಮಾಡತೊಡಗಿದ್ದ ಜೇಬುಗಡಿಯಾರವೂ ಅದರಲ್ಲಿತ್ತು; ಅದು ಎಷ್ಟು ಪ್ರಸಿದ್ಧವಾಗಿತ್ತೆಂದರೆ ಕಳ್ಳ ಅದನ್ನು ಯಾರಿಗೂ ಮಾರಲಾಗದೆ ಉಳಿದು, ಎರಡು ದಶಕ ಕಳೆದ ಮೇಲೆ ಸಿಕ್ಕಿತು. ನಮ್ಮ ನಿಮ್ಮ ವಾಚಿಗೆ ಆ ಪ್ರಸಿದ್ಧಿಯ ರಕ್ಷಣೆಯಿಲ್ಲ, ಸಂಖ್ಯೆಯೊಂದೇ ಆಧಾರ. ಲಂಡನ್ನಿನ ವಾಚ್ ರಿಜಿಸ್ಟರ್ ಎಂಬ ಸಂಸ್ಥೆ ಕಳುವಾದ ವಾಚುಗಳ ಪಟ್ಟಿಯಿಟ್ಟಿದೆ. ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಪರಿಶೀಲಿಸಿ ತಿಳಿಸುತ್ತಾರೆ. ಹಳೆಯದನ್ನು ಕೊಳ್ಳುವ ಮುಂಚೆ ಇದನ್ನು ಮಾಡಿಸಲೇಬೇಕು. ಕದ್ದ ಮಾಲನ್ನು ಹಣ ಕೊಟ್ಟು ಕೊಂಡರೂ ಒಡೆತನ ಬರುವುದಿಲ್ಲ. ಕದ್ದದ್ದೆಂದು ತಿಳಿದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಬೇರೆ ಅಪರಾಧ.

ಮಗ ವಿದೇಶಕ್ಕೆ ಹೋಗುವವನಾದರೆ ಇನ್ನೊಂದು ಮಾತು. ಇಲ್ಲಿಂದ ಕಟ್ಟಿಕೊಂಡು ಹೋಗುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಅದನ್ನು ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ವಾಪಸು ಬರುವಾಗ ಅಲ್ಲಿ ಕೊಂಡದ್ದಲ್ಲವೆಂದು ಸಾಬೀತು ಮಾಡಲು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಪ್ರತಿಷ್ಠೆಯ ವಿಚಾರದಲ್ಲಿ ನಾನು ನಾವಿಕ ಅಣ್ಣನವರಷ್ಟು ಕಠಿಣವಾಗಿಲ್ಲ. ನಮ್ಮ ಯಜಮಾನರು ಹತ್ತು ವರ್ಷ ಗೋದಾಮಿನಲ್ಲಿ ದುಡಿದ ಮೇಲೆ ಮೊದಲ ಸಲ ತಮಗಾಗಿ ಕೊಂಡದ್ದು ಒಂದು ಒಮೆಗಾ. ಅದನ್ನು ಅವರು ಮಾರುವುದಿಲ್ಲ, ಅದರ ಬೆಲೆಯನ್ನೂ ಯಾರಿಗೂ ಹೇಳುವುದಿಲ್ಲ. ದುಡಿದವನಿಗೆ ಒಂದು ಒಳ್ಳೆಯ ವಸ್ತುವಿನ ಆಸೆ ಇರುವುದು ತಪ್ಪಲ್ಲ. ಆದರೆ ಹುದ್ದೆಯಲ್ಲಿರುವವರ ಕೈಯಲ್ಲಿ ಅದೇ ವಾಚು ಬೇರೆ ಮಾತಾಡುತ್ತದೆ ಎಂಬುದನ್ನು ನಾವೆಲ್ಲ 2016ರಲ್ಲಿ ಕಂಡೆವು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ನೇಹಿತರು ಕೊಟ್ಟ ಉಡುಗೊರೆಯೆಂದು ಹೇಳಿದ ಊಬ್ಲೋ ವಾಚಿನ ಬಗ್ಗೆ ವಾರಗಟ್ಟಲೆ ಚರ್ಚೆಯಾಗಿ, ಕೊನೆಗೆ ಮಾರ್ಚಿನಲ್ಲಿ ಅವರು ಅದನ್ನು ವಿಧಾನಸಭಾಧ್ಯಕ್ಷರಾಗಿದ್ದ ಕಾಗೋಡು ತಿಮ್ಮಪ್ಪನವರಿಗೆ ಸರ್ಕಾರದ ಆಸ್ತಿಯಾಗಿ ಒಪ್ಪಿಸಿದರು. ನಿಮ್ಮ ಮಗ ಕೊಂಡರೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕದಿರಲಿ. ತೋಟದ ನಡುವೆ ಒಂಟಿ ಮನೆ ಎಂದಿರಿ. ನಿಮ್ಮ ಊರಿನಲ್ಲಿ ಅದನ್ನು ಗುರುತಿಸುವವರು ಹತ್ತು ಜನವೂ ಇರಲಿಕ್ಕಿಲ್ಲ, ಫೋಟೋ ಮಾತ್ರ ಆ ಹತ್ತು ಜನರಾಚೆಗೆ ಹೋಗುತ್ತದೆ.

ತೋಟದಮನೆ, ಶಿರಸಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನೂ ಮನೆಯವಳೂ ಋಣಿಗಳು. ನಾವಿಕರು ನಷ್ಟವನ್ನು ಮುಚ್ಚಿಡದೆ ಹೇಳಿದ್ದು ಮಗನ ಮೇಲೆ ನನ್ನ ಯಾವ ಮಾತಿಗಿಂತಲೂ ಹೆಚ್ಚು ಪರಿಣಾಮ ಮಾಡಿತು. ಭಾನುವಾರ ರಾತ್ರಿ ಅವನಿಗೆ ಇವೆಲ್ಲವನ್ನೂ ಫೋನಿನಲ್ಲಿ ಓದಿ ಹೇಳಿದೆ. ಹುದ್ದೆಯ ಮಾತು ಬಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಆ ವಾಚು ಇಷ್ಟ ಎಂಬುದೂ ನಿಜ, ಬರೀ ಹೂಡಿಕೆಗಲ್ಲ ಎಂದ. ಆ ಮಾತನ್ನು ಮೊದಲೇ ಹೇಳಿದ್ದರೆ ನಾನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟವಾದ ವಸ್ತುವಿಗೆ ಅವನು ತನ್ನ ದುಡಿಮೆಯ ಹಣ ಹಾಕಿದರೆ ಅದು ಅವನ ವಿಚಾರ. ಅಡಿಕೆಯ ಹಣ ಮೊದಲು ಅಂದುಕೊಂಡಂತೆ ಬಂಗಾರಕ್ಕೇ ಹೋಗುತ್ತದೆ.

ಅವನು ಸೋಮವಾರ ವ್ಯಾಪಾರಿಗೆ ಮೂರು ವಿಷಯ ಬರೆದು ಕೇಳಿದ: ಕ್ರಮಸಂಖ್ಯೆ, ಹಿಂದಿನ ಸರ್ವಿಸಿನ ರಸೀದಿ, ಮತ್ತು ಹಣ ಕೊಡುವ ಮುನ್ನ ಅಧಿಕೃತ ಕೇಂದ್ರದಲ್ಲಿ ತೆರೆಸಲು ಒಪ್ಪಿಗೆ. ವ್ಯಾಪಾರಿ ಗ್ಯಾರಂಟಿ ಕಾರ್ಡಿನ ಫೋಟೋ ಕಳಿಸಿದ್ದಾನೆ. ಹಸಿರು ಕಾರ್ಡು, ಕೊಂಡ ದೇಶ, ತಾರೀಖು ಎಲ್ಲ ಕಾಣುತ್ತದೆ. ಸಂಖ್ಯೆಯಿರುವ ಜಾಗದಲ್ಲಿ ಹೆಬ್ಬೆರಳಿದೆ. ಉಳಿದೆರಡಕ್ಕೆ ಉತ್ತರ ಬಂದಿಲ್ಲ. ಮುಂಗಡವೆಂದು ಕೊಟ್ಟಿದ್ದ ಇಪ್ಪತ್ತೈದು ಸಾವಿರವನ್ನು ಹಿಂದಿರುಗಿಸಲು ಮಗ ಬರವಣಿಗೆಯಲ್ಲಿ ಕೇಳಿದ್ದಾನೆ.

ಅಪ್ಪಯ್ಯನ ವಾಚನ್ನು ಇವತ್ತು ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದೇನೆ. ಗಾಜಿನ ಒಳಗೆ ಹನ್ನೆರಡರ ಅಂಕಿಯ ಬಳಿ ಹಳದಿ ಪುಡಿ ಉದುರಿದೆ, ಕೆರೆದಿಲ್ಲ. ಮುಂದಿನ ವಾರ ಅಡಿಕೆ ಒಯ್ಯಲು ಪೇಟೆಗೆ ಬರುವಾಗ ಅದನ್ನು ರಿಪೇರಿಯವರಿಗೆ ತೋರಿಸಬೇಕೆಂದಿದ್ದೇನೆ. ಅಂಗಡಿ ಯಾವ ರಸ್ತೆಯಲ್ಲಿದೆ ಎಂದು ಭೂತಗನ್ನಡಿಯವರು ಖಾಸಗಿ ಸಂದೇಶದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.